ಕಿಲುಬು ತಿಕ್ಕಿದ ಕೈ

ಕುವೈತಿನ ರಿಗ್ಗೈ ಬಡಾವಣೆಯ ನಮ್ಮ ಕಟ್ಟಡದಲ್ಲಿ ಎದುರು ಬಾಗಿಲಿನವರು ಇರಾನಿನ ಶಿಲ್ಪಿ. ಎಪ್ಪತ್ತು ದಾಟಿದ ಒಂಟಿ ಜೀವ. ಕೊಲ್ಲಿಯ ಆಚೆ ದಡದ ಬಂದರು ಊರಿನವರು. ತಾಯಿ ತೀರಿಕೊಂಡಾಗಲೂ ಹೋಗಲಾಗಲಿಲ್ಲವಂತೆ. ಆ ತಾಯಿಯ ಬಲಗೈಯನ್ನು ನೆನಪಿನಿಂದಲೇ ಮೇಣದಲ್ಲಿ ತಿದ್ದಿ, ಕಂಚಿನಲ್ಲಿ ಎರಕ ಹೊಯ್ಯಿಸಿದ್ದರು. ಆಮೇಲೆ ಅವರ ಕೈಗೇ ನಡುಕ ಬಂತು. ಇದೇ ಕೊನೆಯ ಕೆಲಸ, ಕುವೈತ್ ಸಿಟಿಯ ಪ್ರದರ್ಶನಕ್ಕೆ ಇದೊಂದೇ ಹೊಸತು ಎನ್ನುತ್ತಿದ್ದರು.

ಪ್ರದರ್ಶನಕ್ಕೆ ನಾಲ್ಕು ದಿನವಿರುವಾಗ ಅವರು ಆಸ್ಪತ್ರೆ ಸೇರಿದರು. ಗಿಡಗಳಿಗೆ ನೀರು ಹಾಕಲೆಂದು ಬೀಗದ ಕೈ ನನ್ನ ಬಳಿ ಇತ್ತು. ಒಳಗೆ ಹೋಗಿ ನೋಡುತ್ತೇನೆ, ಮೇಜಿನ ಮೇಲಿನ ಕೈಗೆ ಬೆರಳ ಸಂದು ಬಿಡದೆ ಹಸಿರು ಕಿಲುಬು! ನನಗೆ ಕಿಲುಬು ಕಂಡರೆ ಆಗುವುದಿಲ್ಲ. ಗಂಡಸು ಒಬ್ಬನೇ ಇರುವ ಮನೆ, ಇನ್ನು ಹೇಗಿರುತ್ತದೆ ಎಂದು ಗೊಣಗುತ್ತಲೇ ಅದನ್ನು ಮನೆಗೆ ತಂದೆ. ಹಬ್ಬದ ಹಿಂದಿನ ದಿನ ಕಾಲುದೀಪ ತಿಕ್ಕುವಂತೆ ಹುಣಸೆಹುಳಿ, ಉಪ್ಪು ಹಾಕಿ ತೆಂಗಿನ ನಾರಿನಿಂದ ತಿಕ್ಕಿದೆ. ಹೊಂಬಣ್ಣ ಬಂತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸಂಜೆ ಆಫೀಸಿನಿಂದ ಬಂದ ಗಂಡ ಅದನ್ನು ನೋಡಿ ಹಣೆ ಚಚ್ಚಿಕೊಂಡರು.

"ಎಂಥ ಮಾಡಿದ್ದು ಮಾರಾಯ್ತಿ! ಅದು ಅವರು ಬೇಕೂಂತ್ಲೇ ಹಿಡಿಸಿದ ಬಣ್ಣ. ವಿನೆಗರ್ ಬಟ್ಟೆ ಸುತ್ತಿ ಎರಡು ತಿಂಗಳು ಕಾದಿದ್ದಾರೆ, ನನಗೇ ತೋರಿಸಿದ್ರು. ಈಗ ಖಲಾಸ್!"

ಎರಡು ದಿನ ಅನ್ನ ಸೇರಲಿಲ್ಲ.

ಶಿಲ್ಪಿ ಆಸ್ಪತ್ರೆಯಿಂದ ಮರಳಿದ ದಿನ ಕೈಯನ್ನು ಟವೆಲಿನಲ್ಲಿ ಸುತ್ತಿ ಕೊಂಡೊಯ್ದೆ. "ಭಾಯಿ, ಮಾಫ್ ಕರೋ" ಎಂದು ಟವೆಲು ಬಿಚ್ಚಿದೆ. ಅವರು ಬಗ್ಗಿ ನೋಡಿದರು. ಮತ್ತೆ ಹಸಿರು ಹಿಡಿಸಲು ದಿನಗಳಿಲ್ಲ ಎಂದಷ್ಟೇ ತಮ್ಮ ಹರಕು ಹಿಂದಿಯಲ್ಲಿ ಹೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ, ಅಲ್ಲೇ ಅತ್ತುಬಿಟ್ಟೆ.

ನಡುಗುವ ಕೈಗಳಿಂದ ಕಂಚನ್ನು ಎತ್ತಿ ಹತ್ತಿರ ತಂದವರು ಥಟ್ಟನೆ ನಿಂತರು. ಮೂಗಿಗೆ ಒತ್ತಿಕೊಂಡರು. ನಾನೆಷ್ಟು ತೊಳೆದಿದ್ದರೂ ಬೆರಳ ಸಂದಿಯಲ್ಲಿ ಹುಳಿ ಉಳಿದಿತ್ತು.

"ಇಮ್ಲಿ?" ಎಂದರು.

ಹೂಂ, ಹುಣಸೆಯೇ ಎಂದು ತಲೆಯಾಡಿಸಿದೆ.

"ನಮ್ಮ ಕಡೆ ಮೀನಿಗೆ ಹಾಕುವುದು ಇದನ್ನೇ. ಅಮ್ಮನ ಕೈ ಯಾವಾಗಲೂ ಹೀಗೇ ಘಮ್ಮೆನ್ನುತ್ತಿತ್ತು. ನನಗದು ಮರೆತೇ ಹೋಗಿತ್ತು, ಬಹನ್."

ಪ್ರದರ್ಶನಕ್ಕೆ ಹಳೆಯ ಕೆಲಸಗಳನ್ನಷ್ಟೇ ಕಳಿಸಿದರು. ಆ ಕೈ ಈಗ ಅವರ ಅಡುಗೆಮನೆಯ ಕಟ್ಟೆಯ ಮೇಲಿದೆ. ಕಡಲ ಗಾಳಿಗೆ ಕೊಂಚ ಮಂಕಾದರೆ ಸಾಕು, ಎದೆಗವಚಿಕೊಂಡು ಬಂದು ನಮ್ಮ ಬಾಗಿಲು ತಟ್ಟುತ್ತಾರೆ: "ಯಲ್ಲಾ, ಜಲ್ದಿ ಬಹನ್, ಇಮ್ಲಿ!"

ನಾನು ಚೆನ್ನಾಗಿ ತಿಕ್ಕಿಕೊಡುತ್ತೇನೆ. ತೊಳೆಯುವುದನ್ನು ಮಾತ್ರ ಅರ್ಧಕ್ಕೆ ಬಿಡುತ್ತೇನೆ.