ಕೆಂಚನ ಕೊಂಬಿಗೆ ಬಂದ ಕ್ಯಾನ್ಸರ್

ಆಗೆಲ್ಲ ಕ್ಯಾನ್ಸರ್ ಎಂದರೆ ಸಿನಿಮಾದ ನಾಯಕಿಗೆ ಬರುವ ಕಾಯಿಲೆ ಎಂದೇ ನಾವು ಮಕ್ಕಳು ತಿಳಿದಿದ್ದೆವು. ಅದು ನಮ್ಮ ಎತ್ತು ಕೆಂಚನಿಗೆ, ಅದೂ ಕೊಂಬಿಗೆ ಬರಬಹುದೆಂದು ಅಜ್ಜಂಪುರದ ಪಕ್ಕದ ನಮ್ಮೂರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಕೆಂಚ ಹೆಸರಿಗಷ್ಟೇ ಎತ್ತು. ಹುಟ್ಟುತ್ತಲೇ ತಾಯಿ ಸತ್ತಿದ್ದರಿಂದ ಅವ್ವ ಅವನಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಹೆಗಲಿಗೆ ನೊಗ ಬಂದ ಮೇಲೂ ಅವನು ಅಡುಗೆಮನೆ ಬಾಗಿಲಲ್ಲಿ ತಲೆ ತೂರಿಸಿ, ಬೆಲ್ಲ ಕೊಡುವ ತನಕ ಕದಲುತ್ತಿರಲಿಲ್ಲ.

ಅದು ಈರುಳ್ಳಿ ಕೀಳುವ ಕಾಲ. ಅಂಗಳದ ತುಂಬ ಹರವಿದ ಈರುಳ್ಳಿಯ ಘಾಟು. ಅದರ ಸಂದಿಯಲ್ಲೇ ನಮ್ಮ ಕುಂಟೆಬಿಲ್ಲೆ. ಕೆಂಚ ತಲೆಯನ್ನು ಒಂದೇ ಕಡೆ ವಾಲಿಸಿಕೊಂಡು ನಿಲ್ಲತೊಡಗಿದ. ಬಲಗೊಂಬನ್ನು ಕಂಬಕ್ಕೆ ತಿಕ್ಕುತ್ತಿದ್ದ. ಒಂದು ಬೆಳಿಗ್ಗೆ ಅದೇ ಕಡೆಯ ಮೂಗಿನ ಹೊಳ್ಳೆಯಿಂದ ರಕ್ತ ಸೋರಿತ್ತು. ಅವ್ವ ಸೆರಗಿನಲ್ಲೇ ಒರೆಸಿದಳು.

ತರೀಕೆರೆಯಿಂದ ಬಂದ ದನದ ಡಾಕ್ಟರು ಎರಡೂ ಕೊಂಬುಗಳನ್ನು ಬೆರಳಿನಿಂದ ತಟ್ಟಿ ಆಲಿಸಿದರು. ಎಡಗೊಂಬು ಟಣ್ ಎಂದಿತು. ಬಲದ್ದು ಒದ್ದೆ ಮರದಂತೆ ಮೊದ್ದಾಗಿ ಸದ್ದು ಮಾಡಿತು.

"ಕ್ಯಾನ್ಸರ್ ಇದ್ದಂಗಿದೆ. ಬುಡದಿಂದ ಕೊಂಬು ತೆಗೀಬೇಕು," ಎಂದರು.

"ಒಂಟಿ ಕೊಂಬಿನ ಎತ್ತು ಮನೇಲಿದ್ರೆ ಕೇಡು ಕಣೋ," ಎಂದು ಅಜ್ಜಿ ಅಪ್ಪನಿಗೆ ಹೇಳಿದಳು.

"ಕೊಂಬಿಗೆ ಹಾಲು ಕುಡ್ಸಿ ಸಾಕಿದ್ನಾ ನಾನು? ತೆಗೀರಿ ಡಾಕ್ಟ್ರೇ," ಎಂದಳು ಅವ್ವ.

ಇಂಜೆಕ್ಷನ್ ಕೊಟ್ಟು ಕೆಂಚನನ್ನು ಹುಲ್ಲಿನ ಮೇಲೆ ಮಲಗಿಸಿದರು. ತಂತಿಯ ಗರಗಸ ಹಿಂದೆ ಮುಂದೆ ಓಡಿದಂತೆ ಕೂದಲು ಸುಟ್ಟ ವಾಸನೆ ಹಬ್ಬಿತು. ಅವ್ವ ಅವನ ಕಣ್ಣಿಗೆ ಬಟ್ಟೆ ಮುಚ್ಚಿ ಕುತ್ತಿಗೆ ಸವರುತ್ತಲೇ ಇದ್ದಳು. ಕೊಂಬು ಕಳಚಿ ಬಂತು. ಒಳಗೆ ಹೂಕೋಸಿನಂಥ ಗಡ್ಡೆ ಕಿಕ್ಕಿರಿದಿತ್ತು. ಡಾಕ್ಟರು ಅದನ್ನೆಲ್ಲ ಕೆರೆದು ತೆಗೆದು, ಒಂದು ಚೂರನ್ನು ಪರೀಕ್ಷೆಗೆಂದು ಸೀಸೆಗೆ ಹಾಕಿಕೊಂಡರು. ರಕ್ತ ನಿಂತ ಮೇಲೆ ನನ್ನತ್ತ ತಿರುಗಿದರು.

"ಬಾ ಪುಟ್ಟಿ, ಇಲ್ಲಿ ಕೈ ಒಡ್ಡು. ಮುಟ್ಬೇಡ."

ಕೊಂಬಿದ್ದ ಜಾಗದಲ್ಲೊಂದು ತೂತು. ಅಂಗೈ ಒಡ್ಡಿದೆ. ಬೆಚ್ಚನೆಯ ಗಾಳಿ ತಾಕಿತು, ನಿಂತಿತು, ಮತ್ತೆ ತಾಕಿತು. ಕೆಂಚ ತಲೆಯಿಂದ ಉಸಿರಾಡುತ್ತಿದ್ದ!

"ಮೂಗಿಂದ ಇಲ್ಲೀವರ್ಗೂ ದಾರಿ ಇದೆ," ಎಂದರು ಡಾಕ್ಟರು.

ಹಬ್ಬಕ್ಕೆ ನಾನು ಬಣ್ಣ ಬಳಿಯುತ್ತಿದ್ದ ಕೊಂಬು ಒಳಗೊಳಗೇ ಇಷ್ಟು ಜೀವಂತವಾಗಿತ್ತೆ? ದೂರ ನಿಂತಿದ್ದ ಅಜ್ಜಿಯನ್ನೂ ಎಳೆದು ತಂದೆ. ಅಜ್ಜಿ ಕೈ ಒಡ್ಡಿ ಬೆಚ್ಚಿಬಿದ್ದು, "ಅಯ್ಯೋ ಶಿವನೇ, ಉಸ್ರು ಬತ್ತೈತೆ ಕಣೇ!" ಎಂದು ಆ ಕೈಯನ್ನೇ ಕಣ್ಣಿಗೊತ್ತಿಕೊಂಡಳು. ಆಮೇಲೆ ಡಾಕ್ಟರು ಚರ್ಮ ಎಳೆದು ಹೊಲಿದರು.

ಪರೀಕ್ಷೆಯಲ್ಲಿ ಕ್ಯಾನ್ಸರೇ ಎಂದು ಗೊತ್ತಾಯಿತು. ವಾರಕ್ಕೊಮ್ಮೆ ಇಂಜೆಕ್ಷನ್ ನಡೆಯಿತು. ಗಾಯ ಮಾಯಿತು, ತಲೆ ನೆಟ್ಟಗಾಯಿತು. ಕೆಂಚ ಮುದಿಯಾಗುವವರೆಗೂ ಒಂಟಿ ಕೊಂಬಿನಲ್ಲೇ ಹೊಲ ಉತ್ತ. ಕೇಡಿನ ಮಾತನ್ನು ಅಜ್ಜಿ ಮತ್ತೆಂದೂ ಎತ್ತಲಿಲ್ಲ.

ಈಗ ಅವನೂ ಇಲ್ಲ, ಅವ್ವನೂ ಇಲ್ಲ. ಕೊಟ್ಟಿಗೆಯಲ್ಲಿ ಟಿಲ್ಲರ್ ನಿಂತಿದೆ. ಮೈಯೊಳಗನ್ನೆಲ್ಲ ಪರದೆಯ ಮೇಲೆ ತೋರಿಸುವ ಯಂತ್ರಗಳನ್ನು ದೊಡ್ಡ ಆಸ್ಪತ್ರೆಗಳಲ್ಲಿ ನೋಡಿದ್ದೇನೆ. ಅಂದಿನ ಬೆರಗು ಮತ್ತೆ ಆಗಿಲ್ಲ. ಕೊಂಬಿನೊಳಗೂ ಉಸಿರಿರುತ್ತದೆ ಎಂದರೆ ನನ್ನ ಮಗಳು, "ಸುಳ್ಳು ಹೇಳ್ಬೇಡಮ್ಮಾ," ಎಂದು ನಗುತ್ತಾಳೆ. ಒಂದು ಕೊಂಬಿನ ಬೆಚ್ಚನೆಯ ಬುಡವನ್ನಾದರೂ ಮುಟ್ಟಿಸಿ ನಂಬಿಸೋಣವೆಂದರೆ ನಮ್ಮ ಬೀದಿಯಲ್ಲಿ ಒಂದು ಎತ್ತೂ ಉಳಿದಿಲ್ಲ.