ಮೊಮ್ಮಗಳ ವಿಮಾನಪಾಠ, ನನ್ನ ಬಾಯಿಪಾಠ

ನನ್ನ ಮೊಮ್ಮಗಳು ಏನು ಓದುತ್ತಿದ್ದಾಳೆಂದು ಯಾರಾದರೂ ಕೇಳಿದರೆ ಉತ್ತರ ಹೇಳಲು ನನಗೆ ಈಗಲೂ ಸ್ವಲ್ಪ ಹೊತ್ತು ಬೇಕಾಗುತ್ತದೆ. ಪದವಿಯೇ ಎಂದರೆ ಹೌದು, ಮೂರು ವರ್ಷದ ಪದವಿ. ಉದ್ಯೋಗದ ತರಬೇತಿಯೇ ಎಂದರೆ ಅದೂ ಹೌದು; ಪದವಿಯ ಜೊತೆಜೊತೆಗೇ ಪ್ರಯಾಣಿಕರ ವಿಮಾನ ನಡೆಸುವ ಪರವಾನಗಿಗೂ ಅವಳನ್ನು ಸಿದ್ಧಗೊಳಿಸುತ್ತಾರೆ. ಅಂಥ ವಿದ್ಯಾರ್ಥಿಗೆ ಕೆಡೆಟ್ ಎಂದು ಹೆಸರು. ಮೊದಲು ಒಂದು ವರ್ಷ ತರಗತಿಯಲ್ಲಿ ಗಾಳಿ, ಮೋಡ, ಯಂತ್ರಗಳ ಪಾಠ. ಆಮೇಲೆ ಹೊರರಾಜ್ಯದ ಸಣ್ಣದೊಂದು ವಿಮಾನನೆಲೆಯಲ್ಲಿ, ಎರಡು ಆಸನದ ವಿಮಾನದಲ್ಲಿ, ಶಿಕ್ಷಕರ ಪಕ್ಕ ಕುಳಿತು ಹಾರಾಟ. ಇಷ್ಟು ನನಗೆ ತಿಳಿದಿದೆ. ಇದರಾಚೆಗಿನದು ತಿಳಿಯಿತೆಂದು ನಾನು ಅಂದುಕೊಂಡಾಗಲೆಲ್ಲ ತಪ್ಪಿದ್ದೇನೆ.

ನಾನು ಶನಿವಾರಸಂತೆಯ ಕಡೆಯ ಶಾಲೆಯೊಂದರಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದವನು. ಮಗ ಕಾಫಿ ತೋಟದಲ್ಲಿ ರೈಟರ್. ದಿನ ಬೆಳಗಾದರೆ ಕೆಲಸದವರ ಹಾಜರಿ ಕೂಗಿ, ಯಾರು ಎಲ್ಲಿಗೆ ಎಂದು ಹಂಚುವುದು ಅವನ ಕೆಲಸ. ತೋಟದವರು ಕೊಟ್ಟಿರುವ ಮನೆಯಲ್ಲಿ ಅವನು, ಸೊಸೆ ಮತ್ತು ನಾನು ಇದ್ದೇವೆ.

ಹಾರಾಟದ ಪಾಠ ಆರಂಭವಾದ ಮೇಲಿನ ದಸರಾ ರಜೆಗೆ ಬಂದವಳು ಪ್ಲಾಸ್ಟಿಕ್ ಹೊದಿಸಿದ ಒಂದು ಹಾಳೆಯನ್ನು ನನ್ನ ಮುಂದಿಟ್ಟಳು. ವಿಮಾನವನ್ನು ಚಾಲೂ ಮಾಡುವ ಮೊದಲು, ಹಾರಿಸುವ ಮೊದಲು, ಇಳಿಸುವ ಮೊದಲು ಒಂದೊಂದಾಗಿ ನೋಡಬೇಕಾದ ಸಂಗತಿಗಳ ಪಟ್ಟಿ ಅದು.

"ತಾತ, ಯಾವುದಾದ್ಮೇಲೆ ಯಾವುದು ಅಂತ ತಡವರಿಸ್ತೀನಿ. ಪಕ್ಕದಲ್ಲಿ ಸರ್ ಕೂತಿದ್ರಂತೂ ಕೈಕಾಲೇ ಆಡಲ್ಲ."

ಇದಕ್ಕೆ ಮದ್ದು ನನ್ನಲ್ಲಿದೆ ಎಂದು ನನಗೆ ಬಹಳ ಸಂತೋಷವಾಯಿತು. ಪಾಠಶಾಲೆಯಲ್ಲಿ ನಮ್ಮ ಗುರುಗಳು ಪುಸ್ತಕವನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಮೇಲಿಡುತ್ತಿದ್ದರು. ಪೂಜೆಯ ದಿನ ಹೊರತು ಇಳಿಸುತ್ತಿರಲಿಲ್ಲ. ವಿದ್ಯೆ ನಾಲಗೆಯಲ್ಲಿರಬೇಕು, ಬರೆದದ್ದನ್ನು ನೋಡಿಕೊಂಡು ಹೇಳುವವನು ಕೊನೆಯ ಸಾಲಿನ ಶಿಷ್ಯ ಎಂಬುದು ಅವರ ನಿಲುವು. ಎರಡೆರಡು ಪದಗಳನ್ನು ಹೆಣೆದು, ಹಿಂದುಮುಂದಾಗಿ ತಿರುಗಿಸಿ, ಮತ್ತೆ ನೇರವಾಗಿ ಹೇಳಿಸುವ ಕ್ರಮದಲ್ಲಿ ನಾವು ಕಲಿತೆವು. ಒಂದು ಅಕ್ಷರವೂ ಜಾರದಂತೆ ಕಾಪಾಡುವ ಆ ಕ್ರಮದಲ್ಲಿಯೇ ನಾನು ಮೊಮ್ಮಗಳಿಗೆ ಪಟ್ಟಿಯನ್ನು ಹೇಳಿಕೊಟ್ಟೆ. ಅದರ ಒಂದು ಪದದ ಅರ್ಥವೂ ನನಗೆ ಗೊತ್ತಿರಲಿಲ್ಲ. ಪ್ರತಿದಿನ ಸ್ನಾನ, ಸಂಧ್ಯೆ ಮುಗಿಸಿ ಇಬ್ಬರೂ ಜಗಲಿಯಲ್ಲಿ ಕೂರುತ್ತಿದ್ದೆವು. ಮಿಕ್ಸ್ಚರ್ ಥ್ರಾಟಲ್, ಥ್ರಾಟಲ್ ಮಿಕ್ಸ್ಚರ್, ಮಿಕ್ಸ್ಚರ್ ಥ್ರಾಟಲ್.

ಸೊಸೆ ಕಾಫಿ ತಂದಿಟ್ಟು ಹೇಳಿದಳು: "ಮಾವ, ಲೈನ್ ಮನೆಯ ಕೆಲಸದೋರು ನನ್ನನ್ನ ಕೇಳ್ತಿದ್ದಾರೆ, ಇದು ಯಾವ ದೇವರ ಮಂತ್ರ, ಮಕ್ಕಳ ಜ್ವರಕ್ಕೆ ಆಗುತ್ತಾ ಅಂತ."

ಹದಿನೈದು ದಿನಗಳಲ್ಲಿ ಅವಳು ಕಣ್ಣು ಮುಚ್ಚಿ ಇಡೀ ಪಟ್ಟಿಯನ್ನು ಒಪ್ಪಿಸಿದಳು. ಅವಳು ಹಿಂದಿರುಗಿದ ದಿನ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಎರಡು ತಿಂಗಳ ನಂತರ, ಒಬ್ಬಳೇ ಹಾರಲು ಅನುಮತಿ ಕೊಡುವ ಮೊದಲಿನ ಪರೀಕ್ಷೆಯಲ್ಲಿ ಅವಳನ್ನು ಅನುತ್ತೀರ್ಣಗೊಳಿಸಿದರು. ಪಟ್ಟಿಯಲ್ಲಿ ಒಂದನ್ನೂ ಅವಳು ಮರೆತಿರಲಿಲ್ಲ. ಹಾಳೆಯನ್ನು ತೊಡೆಯ ಮೇಲೆ ಕವುಚಿಟ್ಟು, ಎಲ್ಲವನ್ನೂ ಬಾಯಿಯಲ್ಲೇ ಹೇಳಿ ಮುಗಿಸಿದ್ದಳು. ಅದೇ ಅಪರಾಧವಾಯಿತು; ಪಟ್ಟಿಯನ್ನು ಹಾಳೆ ನೋಡಿಯೇ ಓದಬೇಕೆಂಬುದು ಅಲ್ಲಿಯ ನಿಯಮ. ಮುಂದಿನ ತಿಂಗಳು ಇನ್ನೊಂದು ಅವಕಾಶ. ಅದರಲ್ಲಿಯೂ ತಪ್ಪಿದರೆ ಹಾರಾಟದ ತರಬೇತಿ ಅಲ್ಲಿಗೆ ನಿಲ್ಲುತ್ತದೆ, ಪದವಿಯೊಂದೇ ಉಳಿಯುತ್ತದೆ. ಆಕಾಶ ಮಂಜಿನಿಂದ ಮುಚ್ಚಿ ಹಾರಾಟ ನಿಂತಿದ್ದ ವಾರದಲ್ಲಿ ಅವಳು ಮನೆಗೆ ಬಂದಳು. ಬಂದವಳು ನನ್ನೊಡನೆ ಎರಡು ದಿನ ಈ ವಿಷಯವನ್ನೇ ಎತ್ತಲಿಲ್ಲ. ಮೂರನೆಯ ದಿನ ಹೇಳಿದಳು.

"ತಪ್ಪು ನಿಮ್ಮದಲ್ಲ ತಾತ. ಆದ್ರೆ ಹಾಳೆ ಹಿಡಿದ್ರೂ ಬಾಯಿ ಮುಂದೆ ಓಡುತ್ತೆ, ಕಣ್ಣು ಹಿಂದೇನೇ ಉಳಿಯುತ್ತೆ. ನೀವೇ ಕಲಿಸಿದ್ದು, ನೀವೇ ಮರೆಸಿಕೊಡಿ."

ಮರೆಸುವ ಕ್ರಮವನ್ನು ನನಗೆ ಯಾರೂ ಕಲಿಸಿರಲಿಲ್ಲ. ನನಗೆ ಅರ್ಥವಾಗದ್ದು ಅದಕ್ಕಿಂತ ಮೊದಲಿನದು: ಪೂರ್ತಿ ಬರುವುದನ್ನು ನೋಡಿ ಓದುವುದೇಕೆ?

"ಎಲ್ಲವನ್ನೂ ನೋಡಿಯೇ ಓದಬೇಕೇನು?" ಎಂದು ಕೇಳಿದೆ.

"ಎಲ್ಲ ಅಲ್ಲ. ಹಾರುವಾಗ ಎಂಜಿನ್ ನಿಂತುಹೋದ್ರೆ ತಕ್ಷಣ ಮಾಡೋದು ಮಾತ್ರ ಬಾಯಿಪಾಠ ಇರಲೇಬೇಕು. ಆಗ ಹಾಳೆ ಹುಡುಕೋಕೆ ಹೊತ್ತೆಲ್ಲಿ?"

"ಹಾಗಾದರೆ ಆಪತ್ತಿಗೆ ನಾಲಗೆ, ನಿತ್ಯಕ್ಕೆ ಪುಸ್ತಕ?"

"ಹೂಂ."

ನಮ್ಮಲ್ಲಿ ಇದು ಸರಿಯಾಗಿ ತಲೆಕೆಳಗು. ನಿತ್ಯದ್ದೇ ನಾಲಗೆಯ ಮೇಲಿರುತ್ತದೆ; ಅಪರೂಪದ ವಿಧಿಗೆ ಪುಸ್ತಕ ತೆಗೆಯುತ್ತೇವೆ. ನಾನು ತಲೆದೂಗಿದೆ, ಆದರೆ ಒಪ್ಪಿ ಅಲ್ಲ. ಅಷ್ಟರಲ್ಲಿ ತೋಟದಿಂದ ಬಂದ ಮಗ ಬೂಟು ಕಳಚುತ್ತ ನಮ್ಮ ಮಾತಿಗೆ ಬಾಯಿ ಹಾಕಿದ.

"ಅಪ್ಪ, ನಂಗೆ ನಮ್ಮ ಕೆಲಸದೋರ ಹೆಸರೆಲ್ಲ ಇಪ್ಪತ್ತು ವರ್ಷದಿಂದ ಬಾಯಲ್ಲೇ ಇದೆ. ಆದ್ರೂ ಪುಸ್ತಕ ನೋಡೇ ಕೂಗ್ತೀನಿ."

"ಯಾಕೋ?"

"ಬಾಯಲ್ಲೇ ಕೂಗಿದ್ರೆ ಬರದೇ ಇದ್ದೋನ ಹೆಸರೂ ಬಂದುಬಿಡುತ್ತೆ. ಮುಖ ನೋಡೋದೇ ಮರೆತುಹೋಗುತ್ತೆ."

"ಹಾಜರಿಯನ್ನೂ ಪಾರಾಯಣವನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡ," ಎಂದು ಅವನನ್ನು ಗದರಿದೆ. ಅವನು ನಕ್ಕು ಒಳಗೆ ಹೋದ. ಗದರಿದ ಮೇಲೆ ನನಗೇ ಹಿಡಿಸಲಿಲ್ಲ.

ಮರುದಿನ ನನಗೊಂದು ಉಪಾಯ ಹೊಳೆಯಿತು. ನನ್ನ ನಿತ್ಯಪಾರಾಯಣದ ಸ್ತೋತ್ರವನ್ನು ಎಳವೆಯಿಂದ ಪುಸ್ತಕವಿಲ್ಲದೆ ಹೇಳುತ್ತ ಬಂದವನು ನಾನು. ಅದನ್ನು ನಾನು ಪುಸ್ತಕ ಹಿಡಿದು, ಪ್ರತಿ ಪದದ ಮೇಲೆ ಬೆರಳಿಟ್ಟು ಓದುವುದು. ಬೆರಳಿಗಿಂತ ಬಾಯಿ ಮುಂದೆ ಹೋದೊಡನೆ ಅವಳು ನನ್ನನ್ನು ತಡೆಯುವುದು. ಆಮೇಲೆ ಅವಳು ತನ್ನ ಹಾಳೆಯನ್ನು ಓದುವುದು, ನಾನು ತಡೆಯುವುದು. ಇಬ್ಬರಿಗೂ ಇರುವ ರೋಗ ಒಂದೇ ಆದ್ದರಿಂದ ಮದ್ದೂ ಒಂದೇ ಆಗಲಿ ಎಂದುಕೊಂಡೆ. ಕನ್ನಡಕ ಹಾಕಿಕೊಂಡು ಆರಂಭಿಸಿದೆ. ಎಷ್ಟು ಕಷ್ಟವೆಂದರೆ, ಮೊದಲ ದಿನ ಅವಳು ನನ್ನನ್ನು ಲೆಕ್ಕವಿಲ್ಲದಷ್ಟು ಸಲ ತಡೆದಳು. "ತಾತ, ಓಡ್ತಿದ್ದೀರ," ಎಂದು ನಗುತ್ತಿದ್ದಳು. ನನಗೂ ನಗು ಬರುತ್ತಿತ್ತು.

ಎರಡನೆಯ ದಿನ ಅವಳು ನಗಲಿಲ್ಲ.

"ತಾತ, ಒಂದು ಶ್ಲೋಕ ಬಿಟ್ರಿ."

"ಬಿಟ್ಟಿಲ್ಲ ಮಗು. ನನ್ನ ಬೆರಳು ಜಾರಿರಬೇಕು."

"ಬೆರಳು ಇಲ್ಲೇ ಇದೆ. ನೀವು ಅದರ ಕೆಳಗಿನದನ್ನ ಹೇಳಿದ್ರಿ."

ಹಿಂದಿನ ಶ್ಲೋಕದಿಂದ ಮತ್ತೆ ಹೇಳಿದೆ. ಮತ್ತೆ ಬಿಟ್ಟೆ. ಅಲ್ಲಿ ಎರಡು ಶ್ಲೋಕಗಳು ಒಂದೇ ಪದದಿಂದ ಆರಂಭವಾಗುತ್ತವೆ. ನನ್ನ ನಾಲಗೆ ಮೊದಲನೆಯದರ ಹೊಸ್ತಿಲಿಗೆ ಬಂದು ಎರಡನೆಯದರೊಳಗೆ ಹೋಗಿಬಿಡುತ್ತಿತ್ತು. ಯಾವಾಗಿನಿಂದ? ಗುರುಗಳೆದುರು ಒಪ್ಪಿಸಿದಾಗ ಬಿಟ್ಟಿರಲಾರೆ; ಅವರು ಸುಮ್ಮನಿರುತ್ತಿರಲಿಲ್ಲ. ಆಮೇಲೆ ಯಾವ ವರ್ಷ, ಯಾವ ಬೆಳಿಗ್ಗೆ ಆ ಶ್ಲೋಕ ನನ್ನನ್ನು ಬಿಟ್ಟುಹೋಯಿತೆಂದು ಎಷ್ಟು ನೆನೆದರೂ ತಿಳಿಯಲಿಲ್ಲ. ಹೆಂಡತಿ ತೀರಿಕೊಂಡ ವರ್ಷ ಹೇಳಿದ ಪಾರಾಯಣದಲ್ಲಿ ಅದು ಇತ್ತೇ? ಮೊಮ್ಮಗಳ ನಾಮಕರಣದ ದಿನ ಇತ್ತೇ?

"ಬೇಜಾರಾಯ್ತಾ ತಾತ?" ಅವಳ ದನಿ ಸಣ್ಣದಾಗಿತ್ತು.

"ಬೇಜಾರಲ್ಲ. ಗೊತ್ತಾಗುತ್ತಿಲ್ಲ."

"ನಮ್ಮ ಸರ್ ಹೇಳೋದೂ ಅದೇ. ಮರೆತಿದ್ದು ಮರೆತೋರಿಗೆ ಗೊತ್ತಾಗಲ್ಲವಂತೆ."

ಸಂತೆಯ ದಿನ ಸಂಜೆ ಶನಿವಾರಸಂತೆಯ ದೇವಸ್ಥಾನದಲ್ಲಿ ಏಳೆಂಟು ಮಂದಿ ಸೇರಿ ಇದೇ ಸ್ತೋತ್ರವನ್ನು ಹೇಳುತ್ತೇವೆ. ಅವರಿಗೆಲ್ಲ ಕಲಿಸಿದವನು ನಾನೇ. ಆ ವಾರ ನಾನು ಪುಸ್ತಕವನ್ನು ತೆಗೆದುಕೊಂಡು ಹೋಗಿ, ಬಿಟ್ಟ ಶ್ಲೋಕವನ್ನು ತೋರಿಸಿ ಕ್ಷಮೆ ಕೇಳಿದೆ. ಬಟ್ಟೆ ಅಂಗಡಿಯ ಯಜಮಾನರು ಪಕ್ಕದವರ ಮುಖ ನೋಡಿದರು.

"ಮೇಷ್ಟ್ರೇ, ಅದು ನಮಗೆ ಗೊತ್ತಿತ್ತು," ಎಂದರು. "ನಮ್ಮ ಹತ್ರ ಪುಸ್ತಕ ಇದೆಯಲ್ಲ. ನೀವು ಬಿಡ್ತೀರ ಅಂದ್ಮೇಲೆ ಅದಕ್ಕೇನೋ ಕಾರಣ ಇರುತ್ತೆ ಅಂತ ನಾವೂ ಬಿಟ್ವಿ."

"ಎಷ್ಟು ವರ್ಷದಿಂದ?"

"ಅದೆಲ್ಲ ಯಾರು ನೋಡಿದ್ರು? ನಿಮ್ಮನ್ನ ತಡೆದು ಕೇಳೋಷ್ಟು ದೊಡ್ಡೋರಾ ನಾವು?"

ಅವರ ಮಾತಿನಲ್ಲಿ ಭಕ್ತಿಯಿತ್ತು. ಹದಿನೆಂಟು ದಾಟಿದ ಹುಡುಗಿ ಎರಡು ದಿನದಲ್ಲಿ ಹೇಳಿದ್ದನ್ನು ಇವರು ಗೌರವದಿಂದ ನುಂಗಿಕೊಂಡಿದ್ದರು. ಆ ಗೌರವವನ್ನು ಕಲಿಸಿದವನೂ ನಾನೇ ಅಲ್ಲವೇ?

ಮೊಮ್ಮಗಳು ಹಿಂದಿರುಗುವವರೆಗೆ ನಾವು ಬಿಡದೆ ಓದಿದೆವು. ಕೊನೆಯ ದಿನವೂ ಅವಳ ಬಾಯಿ ಎರಡು ಕಡೆ ಬೆರಳನ್ನು ದಾಟಿತು. ಬಸ್ಸು ಹತ್ತುವ ಮೊದಲು ಅವಳು ನನ್ನ ಕಾಲು ಮುಟ್ಟಿದಳು. ಆಶೀರ್ವದಿಸುವಾಗ ಯಾವ ಮಾತು ಹೇಳಲಿ ಎಂದು ನಾನೂ ತಡವರಿಸಿದೆ. "ಚೆನ್ನಾಗಿ ಬರಲಿ" ಎನ್ನುವಂತಿರಲಿಲ್ಲ. ಬರುವುದೇ ಅವಳಿಗೆ ಅಡ್ಡಿಯಾಗಿತ್ತು.

ಪರೀಕ್ಷೆಯ ದಿನ ಮಧ್ಯಾಹ್ನ ಅವಳು ಫೋನ್ ಮಾಡಿದಳು.

"ತಾತ, ಪಾಸಾದೆ."

ಅವಳು ಒಂದೇ ಸಮನೆ ಹೇಳಿದಳು. ಪಟ್ಟಿಯ ನಡುವೆ ಶಿಕ್ಷಕರು ಬೇಕೆಂದೇ ಊರು ಯಾವುದು, ಅಲ್ಲಿ ಮಳೆ ಎಷ್ಟು ಎಂದು ಕೇಳಿದರಂತೆ. ಉತ್ತರ ಕೊಟ್ಟು ಹಾಳೆಗೆ ತಿರುಗಿದರೆ ಬಾಯಿ ಆಗಲೇ ಮುಂದಿನ ಪದಕ್ಕೆ ಸಿದ್ಧವಾಗಿತ್ತಂತೆ. ಅವಳು ತುಟಿ ಕಚ್ಚಿ ಹಿಡಿದು, ಬೆರಳನ್ನು ಪಟ್ಟಿಯ ತಲೆಗೆ ಒಯ್ದು, ಎಲ್ಲವನ್ನೂ ಮೊದಲಿನಿಂದ ಓದಿದಳಂತೆ.

"ನಾಳೆ ಗಾಳಿ ಸರಿಯಿದ್ರೆ ಒಬ್ಳೇ ಹಾರ್ತೀನಿ. ಪಕ್ಕದ ಸೀಟು ಖಾಲಿ."

"ಒಬ್ಬಳೇ ಇರುವಾಗಲೂ ಪಟ್ಟಿಯನ್ನು ಓದುತ್ತೀಯಾ?"

"ಓದ್ಲೇಬೇಕು. ಅದೂ ಜೋರಾಗಿ."

"ಯಾರಿಗೆ ಕೇಳಿಸಲೆಂದು?"

"ಯಾರಿಗೂ ಅಲ್ಲ ತಾತ. ನಂಗೇ ಇರಬೇಕು. ಅಥವಾ... ಗೊತ್ತಿಲ್ಲ. ಯಾರಿಗೆ?"

ಆ ಪ್ರಶ್ನೆಗೆ ನನ್ನಲ್ಲಿ ಒಂದು ಉತ್ತರ ಇತ್ತೆಂದೇ ಇಷ್ಟು ವರ್ಷ ನಂಬಿದ್ದೆ. ಅರವತ್ತು ವರ್ಷ ಪ್ರತಿ ಬೆಳಿಗ್ಗೆ ನಾನು ಜೋರಾಗಿ ಹೇಳಿದ್ದೇನೆ. ಕೇಳಿಸಿಕೊಳ್ಳುವವನು ಇದ್ದಾನೆ ಎಂದು. ಬಿಟ್ಟ ಶ್ಲೋಕವನ್ನೂ ಅವನು ಕೇಳಿಸಿಕೊಂಡಿರಬೇಕು. ಆದರೆ ಹೇಳದೇ ಇದ್ದುದನ್ನು ಕೇಳಿಸಿಕೊಳ್ಳುವುದು ಎಂದರೇನು?

"ನಿಧಾನವಾಗಿ ಓದು ಮಗು," ಎಂದೆ. "ಕೇಳುವವರು ಯಾರೆಂದು ನಾನೂ ಯೋಚಿಸುತ್ತೇನೆ."