ಪುರುಡು ಮೆಟ್ಟಿಲಿಳಿಯುತ್ತದಾ?

ನಾನು ನರ್ಸಿಂಗ್ ಓದಿದ ಸೂಲಗಿತ್ತಿ. ಮನೆಗೇ ಹೋಗಿ ಹೆರಿಗೆ ಮಾಡಿಸುತ್ತೇನೆ. ಜೆ.ಪಿ. ನಗರದ ಒಂದು ಮನೆಯಲ್ಲಿ ಮಹಡಿ ಮೇಲೆ ಬಾಡಿಗೆಗಿದ್ದ ಬಸುರಿಯನ್ನು ನೋಡಲು ಹೋದಾಗ, ಕೆಳಗಿದ್ದ ಓನರ್ ಆಂಟಿ ಮೆಟ್ಟಿಲ ಹತ್ತಿರವೇ ತಡೆದರು.

“ಬಾಡಿಗೆ ಮನೇಲಿ ಹೆರಿಗೆ ಎಲ್ಲ ಆಗಲ್ಲ ಮೇಡಂ. ಪುರುಡು ನಮಗೂ ತಟ್ಟಿದ್ರೆ? ಹನ್ನೊಂದು ದಿನ ದೇವರ ದೀಪ ಯಾರು ಹಚ್ತಾರೆ?”

ಬಿ.ಪಿ. ಎಷ್ಟಾದರೆ ಆಸ್ಪತ್ರೆಗೆ ಕಳಿಸಬೇಕು ಅಂತ ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ. ಪುರುಡು ಮೆಟ್ಟಿಲಿಳಿದು ಓನರ್ ಮನೆಗೂ ಬರುತ್ತದಾ ಅನ್ನೋದನ್ನ ನಮಗೆ ಯಾರೂ ಕಲಿಸಿರಲಿಲ್ಲ. ನಾನೇ ಕೇಳಿದೆ: “ನೀವು ಹುಟ್ಟಿದ್ದೆಲ್ಲಿ ಆಂಟಿ?”

“ಇಲ್ಲೇ, ನಮ್ಮ ಹಳೇ ಮನೇಲಿ. ನೀವು ಸ್ಕೂಟರ್ ನಿಲ್ಸಿದೀರಲ್ಲ, ಅದೇ ಜಾಗದಲ್ಲಿ,” ಅಂದವರು ತಾವೇ ನಕ್ಕು ದಾರಿ ಬಿಟ್ಟರು.

ಹೆರಿಗೆಯ ದಿನ ಆಂಟಿ ಬಿಸಿನೀರು ಹೊತ್ತು ಅದೇ ಮೆಟ್ಟಿಲನ್ನು ಎಷ್ಟು ಸಲ ಹತ್ತಿಳಿದರೋ. ದೀಪದ ವಿಚಾರ ನಾನೂ ಎತ್ತಲಿಲ್ಲ.

ಮೂರನೇ ದಿನ ಬಾಣಂತಿಯನ್ನು ನೋಡಲು ಹೋಗಿ ಮಹಡಿ ಮನೆಯ ಬೆಲ್ ಒತ್ತಿದೆ. ಕೆಳಗಿನಿಂದ ಆಂಟಿ ಗದರಿದರು: “ಬೆಲ್ ಒತ್ತಬೇಡ ಕಣಮ್ಮ! ನಮ್ಮನೇಲಿ ಮಗು ಮಲಗಿದೆ.”